ಮರೆವಿನ ಕಾಯಿಲೆಯ ಆರಂಭ ಪತ್ತೆಗೆ ಇಇಜಿ: ತೂಕಡಿಕೆಯನ್ನು ಕಾಯಿಲೆ ಎಂದು ಓದದಿರಲು ಹಂತ ಹಂತದ ಮಾರ್ಗದರ್ಶಿ

ಮರೆವಿನ ದೂರು ಹೇಳಿಕೊಂಡು ಬಂದ ಹಿರಿಯರ ಇಇಜಿ (ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ರಿಪೋರ್ಟುಗಳಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಕಾಣುತ್ತದೆ: ‘ಎಲ್ಲ ಭಾಗಗಳಲ್ಲೂ ಅಲೆಗಳು ನಿಧಾನಗೊಂಡಿವೆ, ಡಿಮೆನ್ಶಿಯಾ ಇರಬಹುದು.’ ಮೂಲ ರೆಕಾರ್ಡಿಂಗ್ ತೆರೆದು ನೋಡಿದರೆ ಎಷ್ಟೋ ಸಲ ಅಲ್ಲಿರುವುದು ಕಾಯಿಲೆಯಲ್ಲ, ತೂಕಡಿಕೆ. ಮಂದ ಬೆಳಕಿನ ಕೋಣೆ, ಮೆತ್ತನೆಯ ಹಾಸಿಗೆ, ‘ಕಣ್ಣು ಮುಚ್ಚಿಕೊಂಡು ಆರಾಮಾಗಿರಿ’ ಎಂಬ ಸೂಚನೆ, ಹಿಂದಿನ ರಾತ್ರಿಯ ಅರೆನಿದ್ದೆ. ಇಷ್ಟೆಲ್ಲ ಆದ ಮೇಲೂ ಎಪ್ಪತ್ತು ದಾಟಿದವರು ನಿದ್ದೆಗೆ ಜಾರದಿದ್ದರೇ ಆಶ್ಚರ್ಯ.

ನಾನೂ ಈ ತಪ್ಪು ಮಾಡಿದವನೇ. ಕಲಿಯುತ್ತಿದ್ದ ದಿನಗಳಲ್ಲಿ ಒಬ್ಬರ ರೆಕಾರ್ಡಿಂಗಿನಲ್ಲಿ 6 ಹರ್ಟ್ಝ್ (ಸೆಕೆಂಡಿಗೆ ಆರು) ಅಲೆಗಳನ್ನು ಕಂಡು ‘ನಿಧಾನಗತಿ’ ಎಂದು ಬರೆದುಬಿಟ್ಟೆ. ಎರಡು ವಾರದ ಮೇಲೆ, ಬೆಳಿಗ್ಗೆ ಹೊತ್ತು, ಕುರ್ಚಿಯಲ್ಲಿ ಕೂರಿಸಿ, ನಡುನಡುವೆ ಮಾತಾಡಿಸುತ್ತಾ ಮಾಡಿದ ರೆಕಾರ್ಡಿಂಗಿನಲ್ಲಿ ಅದೇ ವ್ಯಕ್ತಿಯದು ಚೊಕ್ಕ 9 ಹರ್ಟ್ಝ್ ಲಯ. ಆ ಎರಡು ವಾರ ಅವರ ಮನೆಯವರು ಹೇಗೆ ಕಳೆದರೋ. ಕೆಳಗಿನ ಕ್ರಮ ನನಗೆ ರೂಢಿಯಾದದ್ದು ಅಲ್ಲಿಂದ.

ಇದು ರೆಕಾರ್ಡಿಂಗ್ ಮಾಡುವ ಟೆಕ್ನಿಷಿಯನ್ನರಿಗೆ, ಓದಲು ಕಲಿಯುತ್ತಿರುವ ಕಿರಿಯ ವೈದ್ಯರಿಗೆ, ಅಲೆಗಳ ಲೆಕ್ಕ ಹಾಕುವ ಸಂಶೋಧಕರಿಗೆ. ಮನೆಯವರಿಗೆ ಎರಡನೇ ಹಂತ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲೇ ಹೆಡ್‌ಬ್ಯಾಂಡ್ ಕಟ್ಟಿಕೊಂಡು ರೋಗ ಪತ್ತೆ ಮಾಡಲು ಇದನ್ನು ಬಳಸಬೇಡಿ.

## ಹಂತ 1: ಪ್ರಶ್ನೆ ಏನೆಂದು ಮೊದಲು ಬರೆದುಕೊಳ್ಳಿ

‘ಮರೆವು, ಇಇಜಿ ಮಾಡಿ’ ಎಂಬ ಚೀಟಿ ಸಾಲದು. ಇಇಜಿಗೆ ಅಮಿಲಾಯ್ಡ್ (ಅಲ್ಝೈಮರಿನಲ್ಲಿ ಮಿದುಳಿನಲ್ಲಿ ಶೇಖರವಾಗುವ ಪ್ರೋಟೀನ್) ಕಾಣುವುದಿಲ್ಲ, ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್ ಕುಗ್ಗಿದೆಯೇ ಎಂಬುದೂ ತಿಳಿಯುವುದಿಲ್ಲ. ಅದಕ್ಕೆ ಪೆಟ್ ಸ್ಕ್ಯಾನ್, ಬೆನ್ನುಹುರಿಯ ದ್ರವದ ಪರೀಕ್ಷೆ, ಎಂಆರ್‌ಐ ಇವೆ. ಮಿದುಳಿನ ಹೊರಪದರದ ನರಕೋಶಗಳು ಈ ಹೊತ್ತಿನಲ್ಲಿ ಯಾವ ಲಯದಲ್ಲಿ ಒಟ್ಟಾಗಿ ಕೆಲಸ ಮಾಡುತ್ತಿವೆ ಎಂಬುದಷ್ಟೇ ಇಇಜಿಗೆ ಗೊತ್ತು. ಹಾಗಾಗಿ ಅದು ನಿಜಕ್ಕೂ ನೆರವಾಗುವ ಪ್ರಶ್ನೆಗಳು ಕೆಲವೇ:

- ಇದು ಅಲ್ಝೈಮರ್ ಇರಬಹುದೇ, ಲೂಯಿ ಬಾಡಿ ಡಿಮೆನ್ಶಿಯಾ (ಪಾರ್ಕಿನ್ಸನ್‌ನಂಥ ಲಕ್ಷಣಗಳೂ ಬರಬಹುದಾದ ಇನ್ನೊಂದು ಬಗೆ) ಇರಬಹುದೇ?
- ಮರೆವಿನ ಹಿಂದೆ ಸೋಂಕು, ಸೋಡಿಯಂ ಏರುಪೇರು, ಲಿವರ್ ಅಥವಾ ಕಿಡ್ನಿ ತೊಂದರೆಯಿಂದ ಬಂದ ಗೊಂದಲ ಅಡಗಿದೆಯೇ?
- ಬಂದು ಹೋಗುವ ಮರೆವು ಅಪಸ್ಮಾರದ್ದೇ? ಮೈ ಸೆಟೆಯದೆ, ಬರೀ ನೆನಪು ಮಾತ್ರ ಕೈಕೊಡುವ ಅಪಸ್ಮಾರವೂ ಉಂಟು.
- ಕೆಲವೇ ವಾರಗಳಲ್ಲಿ ಸ್ಥಿತಿ ಕುಸಿದಿದ್ದರೆ, ಮಿದುಳನ್ನು ಬೇಗ ಹಾಳುಮಾಡುವ ಅಪರೂಪದ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆಯ ಗುರುತು ಇದೆಯೇ?

ಪ್ರಶ್ನೆ ಬರೆದಿಟ್ಟರೆ ರೆಕಾರ್ಡಿಂಗಿನ ರೂಪವೂ ಗೊತ್ತಾಗುತ್ತದೆ. ಅಪಸ್ಮಾರದ ಅನುಮಾನಕ್ಕೆ ನಿದ್ದೆಯ ಭಾಗ ಬೇಕು. ಉಳಿದ ಪ್ರಶ್ನೆಗಳಿಗೆ ಪೂರ್ತಿ ಎಚ್ಚರ ಬೇಕು. ಎರಡನ್ನೂ ಒಂದೇ ಸೂಚನೆಯಲ್ಲಿ ಬೆರೆಸಿದಲ್ಲೇ ಎಡವಟ್ಟಾಗುವುದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಲ್ಝೈಮರಿನ ಆರಂಭದಲ್ಲಿ ಇಇಜಿ ಪೂರ್ತಿ ಸರಿಯಾಗಿಯೇ ಇರಬಹುದು. ‘ಇಇಜಿ ನಾರ್ಮಲ್, ಆದ್ದರಿಂದ ಕಾಯಿಲೆ ಇಲ್ಲ’ ಎಂದು ಮನೆಯವರಿಗೆ ಯಾರೂ ಹೇಳಕೂಡದು.

## ಹಂತ 2: ಪರೀಕ್ಷೆಗೆ ಮುನ್ನಾದಿನದ ತಯಾರಿ

ಮೊದಲು ಅಪಾಯಿಂಟ್‌ಮೆಂಟ್ ಚೀಟಿಯನ್ನು ನೋಡಿ. ಎಷ್ಟೋ ಕಡೆ ಅಪಸ್ಮಾರದವರಿಗೆಂದು ಅಚ್ಚು ಹಾಕಿಸಿದ ಚೀಟಿಯನ್ನೇ ಎಲ್ಲರಿಗೂ ಕೊಡುತ್ತಾರೆ: ‘ರಾತ್ರಿ ನಿದ್ದೆಗೆಟ್ಟು ಬನ್ನಿ.’ ಮರೆವಿನ ಪ್ರಶ್ನೆ ಇಟ್ಟುಕೊಂಡು ಬರುವವರಿಗೆ ಇದರಷ್ಟು ತಪ್ಪು ಸೂಚನೆ ಇನ್ನೊಂದಿಲ್ಲ. ಆ ಸಾಲನ್ನು ಹೊಡೆದುಹಾಕಿ, ‘ಎಂದಿನಂತೆ ನಿದ್ದೆ ಮಾಡಿ ಬನ್ನಿ’ ಎಂದು ಬರೆಯಿರಿ.

ಹೊತ್ತು: ಬೆಳಿಗ್ಗೆ, ತಿಂಡಿಯಾದ ಮೇಲೆ. ಮಧ್ಯಾಹ್ನ ಊಟವಾದ ಕೂಡಲೇ ಬೇಡ. ಹೊಟ್ಟೆ ಖಾಲಿ ಇಟ್ಟುಕೊಂಡು ಬರುವುದೂ ಬೇಡ, ರಕ್ತದ ಸಕ್ಕರೆ ಇಳಿದರೂ ಅಲೆಗಳು ನಿಧಾನವಾಗುತ್ತವೆ.

ತಲೆ: ಹಿಂದಿನ ದಿನ ಶಾಂಪೂ ಹಾಕಿ ತೊಳೆದು ಒಣಗಿಸಿರಬೇಕು. ಎಣ್ಣೆ, ಜೆಲ್, ಕಂಡೀಷನರ್ ಯಾವುದೂ ಬೇಡ.

ಮಾತ್ರೆಗಳು: ಪಟ್ಟಿ ತರಿಸಿ, ಕೊನೆಯ ಬಾರಿ ಎಷ್ಟು ಗಂಟೆಗೆ ತೆಗೆದುಕೊಂಡರು ಎಂಬುದನ್ನೂ ಬರೆದುಕೊಳ್ಳಿ. ಲೊರಾಝೆಪಾಮ್, ಕ್ಲೊನಾಝೆಪಾಮ್ ಗುಂಪಿನ ನಿದ್ದೆ ಮಾತ್ರೆಗಳು ಬೀಟಾ (13–30 ಹರ್ಟ್ಝ್‌ನ ವೇಗದ) ಅಲೆಗಳನ್ನು ಹೆಚ್ಚಿಸುತ್ತವೆ. ಲಿಥಿಯಂ, ಕ್ಲೊಝಪಿನ್, ಖಿನ್ನತೆಗೆ ಕೊಡುವ ಹಳೆಯ ಟ್ರೈಸೈಕ್ಲಿಕ್ ಮಾತ್ರೆಗಳು, ನರಕೋಶಗಳ ನಡುವೆ ಸಂದೇಶ ಸಾಗಿಸುವ ಅಸೆಟೈಲ್‌ಕೋಲಿನ್ ಕೆಲಸಕ್ಕೆ ಅಡ್ಡಿಯಾಗುವ ಕೆಲವು ಮೂತ್ರಕೋಶದ ಮಾತ್ರೆಗಳು ಲಯವನ್ನು ನಿಧಾನಗೊಳಿಸಬಲ್ಲವು. ಇದಕ್ಕೆ ತಿರುವುಮುರುವಾಗಿ, ಮರೆವಿಗೆಂದೇ ಕೊಡುವ ಡೊನೆಪೆಝಿಲ್, ರಿವಾಸ್ಟಿಗ್ಮಿನ್ ಲಯವನ್ನು ಸ್ವಲ್ಪ ಸುಧಾರಿಸಿ ತೋರಿಸುತ್ತವೆ. ಹಾಗೆಂದು ಪರೀಕ್ಷೆಗಾಗಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ, ಅದು ಬರೆದುಕೊಟ್ಟ ವೈದ್ಯರ ತೀರ್ಮಾನ.

ರಕ್ತ ಪರೀಕ್ಷೆ: ಥೈರಾಯ್ಡ್, ಬಿ12, ಸೋಡಿಯಂ, ಸಕ್ಕರೆ, ಲಿವರ್, ಕಿಡ್ನಿ ಫಲಿತಾಂಶಗಳು ಕೈಯಲ್ಲಿರಲಿ. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಇಇಜಿ ನಿಧಾನವಾಗಬಹುದು. ಆಗ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಇಇಜಿ.

ಕಣ್ಣು, ಕಿವಿ: ಕನ್ನಡಕ, ಕಿವಿಯ ಯಂತ್ರ ತಂದಿರಲಿ. ಸೂಚನೆ ಕೇಳಿಸದವರು ಕಣ್ಣು ಬಿಡದಿದ್ದಾಗ ‘ಸ್ಪಂದನೆ ಇಲ್ಲ’ ಎಂದು ಬರೆದ ಉದಾಹರಣೆಯನ್ನು ಕಣ್ಣಾರೆ ಕಂಡಿದ್ದೇನೆ. ದೃಷ್ಟಿ ತೀರಾ ಕಡಿಮೆ ಇರುವವರಲ್ಲಿ ಆಲ್ಫಾ ಲಯವೇ (ಕಣ್ಣು ಮುಚ್ಚಿದಾಗ ತಲೆಯ ಹಿಂಭಾಗದಲ್ಲಿ ಏಳುವ 8–13 ಹರ್ಟ್ಝ್ ಅಲೆಗಳು) ಮಸುಕಾಗಿರಬಹುದು.

## ಹಂತ 3: ಸಾಮಗ್ರಿ, ಕುರ್ಚಿ, ಎಲೆಕ್ಟ್ರೋಡ್

ಬೇಕಾದದ್ದು: 10-20 ಪದ್ಧತಿಯ (ತಲೆಯ ಅಳತೆಯ 10, 20 ಶೇಕಡಾ ಅಂತರದಲ್ಲಿ ಗುರುತು ಹಾಕುವ ಕ್ರಮ) 19 ಎಲೆಕ್ಟ್ರೋಡ್, ಜೊತೆಗೆ ರೆಫರೆನ್ಸ್ (ಉಳಿದವನ್ನು ಹೋಲಿಸಿ ಅಳೆಯುವ ಎಲೆಕ್ಟ್ರೋಡ್) ಮತ್ತು ಗ್ರೌಂಡ್, ಇಸಿಜಿಗೆ ಒಂದು ಚಾನೆಲ್, ಕಣ್ಣಿನ ಚಲನೆಗೆ ಎರಡು ಎಲೆಕ್ಟ್ರೋಡ್, ಅಳತೆ ಟೇಪು, ಗುರುತು ಹಾಕುವ ಪೆನ್ಸಿಲ್, ಚರ್ಮ ಶುಚಿ ಮಾಡುವ ಜೆಲ್, ಕಂಡಕ್ಟಿವ್ ಪೇಸ್ಟ್. ಸಾಧ್ಯವಿದ್ದರೆ ವಿಡಿಯೊ.

ಹಾಸಿಗೆ ಬಿಟ್ಟು ಕುರ್ಚಿಗೆ ಬನ್ನಿ. ಕತ್ತಿಗೆ ಆಸರೆ ಇರಲಿ, ಆದರೆ ತಲೆಯ ಹಿಂಭಾಗ ದಿಂಬಿಗೆ ಒತ್ತಬಾರದು. ನಮಗೆ ಎಲ್ಲಕ್ಕಿಂತ ಮುಖ್ಯವಾದ ಓ1, ಓ2 ಎಲೆಕ್ಟ್ರೋಡುಗಳು ಇರುವುದೇ ಅಲ್ಲಿ. ದಿಂಬಿಗೆ ತಾಗಿದರೆ ಉಸಿರಾಡಿದಾಗಲೆಲ್ಲ ನಿಧಾನ ಅಲೆಯೊಂದು ಏಳುತ್ತದೆ, ನೋಡುವವರಿಗೆ ಅದು ಡೆಲ್ಟಾದಂತೆ (4 ಹರ್ಟ್ಝ್‌ಗಿಂತ ನಿಧಾನದ ಅಲೆ) ಕಾಣುತ್ತದೆ.

ಅಳತೆಯನ್ನು ಕಣ್ಣಂದಾಜಿಗೆ ಬಿಡಬೇಡಿ. ಮೂಗಿನ ಬುಡದ ತಗ್ಗಿನಿಂದ ತಲೆಯ ಹಿಂದಿನ ಮೂಳೆಯ ಉಬ್ಬಿನವರೆಗೆ ಟೇಪು ಹಿಡಿಯಿರಿ. 36 ಸೆಂ.ಮೀ. ಬಂತು ಎನ್ನಿ. 10 ಶೇಕಡಾ ಎಂದರೆ 3.6, 20 ಶೇಕಡಾ ಎಂದರೆ 7.2. ನಡುಗೆರೆಯ ಗುರುತುಗಳು ಮುಂದಿನಿಂದ 3.6, 10.8, 18, 25.2, 32.4 ಸೆಂ.ಮೀ.ಗೆ ಬೀಳುತ್ತವೆ. ಕೊನೆಯ ಗುರುತಿನಿಂದ ಉಬ್ಬಿಗೆ ಮತ್ತೆ 3.6 ಉಳಿಯಬೇಕು. ಉಳಿಯದಿದ್ದರೆ ಟೇಪು ಎಲ್ಲೋ ಜಾರಿದೆ, ಮೊದಲಿಂದ ಅಳೆಯಿರಿ. ಟೋಪಿ ಮಾದರಿಯ ಎಲೆಕ್ಟ್ರೋಡ್ ಬಳಸುವವರು ಕೂಡ ನಡುನೆತ್ತಿಯ ಗುರುತನ್ನಾದರೂ ಟೇಪಿನಿಂದ ಖಚಿತ ಮಾಡಿಕೊಳ್ಳಿ. ಟೋಪಿ ಹಿಂದಕ್ಕೆ ಸರಿದು ಕೂತರೆ ಹಿಂಭಾಗದ ಎಲೆಕ್ಟ್ರೋಡುಗಳು ಕತ್ತಿನ ಸ್ನಾಯುವಿನ ಮೇಲೆ ಕೂರುತ್ತವೆ.

ಇಂಪೀಡೆನ್ಸ್ (ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್‌ಗಿಂತ ಕಡಿಮೆ ಇರಲಿ. ಈಗಿನ ಮಷಿನ್‌ಗಳಲ್ಲಿ 10ರವರೆಗೆ ನಡೆಯುತ್ತದೆ. ಅದಕ್ಕಿಂತ ಮುಖ್ಯ, ಎಡಬಲ ಎಲೆಕ್ಟ್ರೋಡುಗಳಲ್ಲಿ ಹೆಚ್ಚು ಅಂತರ ಇರಬಾರದು. ವಯಸ್ಸಾದವರ ಚರ್ಮ ತೆಳು, ಉಜ್ಜುವ ಭರದಲ್ಲಿ ಗಾಯ ಮಾಡಬೇಡಿ. ಇಂಪೀಡೆನ್ಸ್ ಸೊನ್ನೆಯ ಹತ್ತಿರಕ್ಕೆ ಇಳಿದರೆ ಹಿಗ್ಗುವುದೂ ಬೇಡ: ಪೇಸ್ಟ್ ಹರಡಿ ಎರಡು ಎಲೆಕ್ಟ್ರೋಡುಗಳು ಒಂದಾಗಿವೆ ಎಂದೇ ಅರ್ಥ.

## ಹಂತ 4: ಮಷಿನ್ ಸೆಟ್ಟಿಂಗ್

ಸ್ಯಾಂಪ್ಲಿಂಗ್ ದರ ಸೆಕೆಂಡಿಗೆ 256 ಅಥವಾ ಹೆಚ್ಚು. ಕೆಳಗಿನ ಫಿಲ್ಟರ್ (ಇದಕ್ಕಿಂತ ನಿಧಾನದ ಅಲೆಗಳನ್ನು ತಡೆಯುವುದು) 0.5 ಹರ್ಟ್ಝ್, ಮೇಲಿನದು (ಇದಕ್ಕಿಂತ ವೇಗದವನ್ನು ತಡೆಯುವುದು) 70. ಸೆನ್ಸಿಟಿವಿಟಿ ಮಿಲಿಮೀಟರಿಗೆ 7 ಮೈಕ್ರೋವೋಲ್ಟ್. ಪರದೆಯ ಒಂದು ಪುಟಕ್ಕೆ 10 ಸೆಕೆಂಡ್.

ಬೆವರಿನ ಏರಿಳಿತ ಮುಚ್ಚಲು ಕೆಳಗಿನ ಫಿಲ್ಟರನ್ನು 5 ಹರ್ಟ್ಝ್‌ಗೆ ಏರಿಸುವವರಿದ್ದಾರೆ. ಹಾಗೆ ಮಾಡಿದರೆ ಹುಡುಕುತ್ತಿರುವ ಡೆಲ್ಟಾ, ಥೀಟಾ (4–8 ಹರ್ಟ್ಝ್) ಅಲೆಗಳೇ ಕರಗಿಹೋಗುತ್ತವೆ. ಫಿಲ್ಟರ್ ಮುಟ್ಟುವ ಬದಲು ಫ್ಯಾನ್ ಹಾಕಿ, ಹಣೆ ಒರೆಸಿ.

## ಹಂತ 5: ರೆಕಾರ್ಡಿಂಗ್ ಕ್ರಮ

ಒಟ್ಟು 20 ನಿಮಿಷಕ್ಕೆ ಕಡಿಮೆಯಿಲ್ಲದ ಒಳ್ಳೆಯ ರೆಕಾರ್ಡಿಂಗ್ ಬೇಕು. ಅದನ್ನು ಒಂದೇ ಉಸಿರಿಗೆ ಮಾಡಬೇಡಿ, ತುಂಡು ಮಾಡಿ.

1. ಶುರುವಿಗೆ ಮಾತು. ಎರಡು ನಿಮಿಷ ಏನಾದರೂ ಮಾತಾಡಿಸಿ. ಅವರ ಧ್ವನಿ, ಚುರುಕು, ಕೈನಡುಕ ನಿಮಗೆ ಗೊತ್ತಾಗುತ್ತದೆ, ಅವರ ಗಾಬರಿಯೂ ಇಳಿಯುತ್ತದೆ.
2. ಕಣ್ಣು ಬಿಟ್ಟು ಒಂದು ನಿಮಿಷ. ಎದುರಿನ ಗೋಡೆಯ ಮೇಲೊಂದು ಚುಕ್ಕೆ ಅಂಟಿಸಿ, ಅದನ್ನು ನೋಡಲು ಹೇಳಿ.
3. ಕಣ್ಣು ಮುಚ್ಚಿ ಎರಡು ನಿಮಿಷ. ಸೂಚನೆ ಹೀಗಿರಲಿ: ‘ಕಣ್ಣು ಮುಚ್ಚಿಕೊಳ್ಳಿ, ಆದರೆ ನಿದ್ದೆ ಮಾಡಬೇಡಿ. ನಾನು ಕರೆದಾಗ ಹೂಂ ಅನ್ನಿ.’ ಎರಡು ನಿಮಿಷಕ್ಕಿಂತ ಉದ್ದ ಬೇಡ.
4. ಕರೆಯಿರಿ, ಬರೆಯಿರಿ. ಎರಡು ನಿಮಿಷ ಮುಗಿಯುವ ಹೊತ್ತಿಗೆ ಹೆಸರು ಹಿಡಿದು ಕರೆಯಿರಿ. ಕೂಡಲೇ ಉತ್ತರ ಬಂತೇ, ತಡವಾಯಿತೇ, ಬೆಚ್ಚಿಬಿದ್ದರೇ, ಮಾರ್ಕ್ ಮಾಡಿ.
5. ಕಣ್ಣು ಬಿಡುವ, ಮುಚ್ಚುವ ಇದೇ ಜೋಡಿಯನ್ನು ಐದಾರು ಸಲ ಮಾಡಿ. ನಡುವೆ ಒಮ್ಮೆ ನೀರು ಕುಡಿಸಿ, ಕೈಕಾಲು ಆಡಿಸಲು ಬಿಡಿ.
6. ಲೆಕ್ಕದ ಕೆಲಸ. ಕಣ್ಣು ಮುಚ್ಚಿಕೊಂಡೇ ನೂರರಿಂದ ಏಳೇಳು ಕಳೆಯುತ್ತಾ ಹೋಗಲು, ಆಗದಿದ್ದರೆ ವಾರದ ದಿನಗಳನ್ನು ಹಿಂದುಮುಂದಾಗಿ ಮನಸ್ಸಿನಲ್ಲೇ ಹೇಳಿಕೊಳ್ಳಲು ಹೇಳಿ. ತಪ್ಪಾದರೂ ಚಿಂತೆಯಿಲ್ಲ, ನಮಗೆ ಬೇಕಾದದ್ದು ಎಚ್ಚರ.
7. ಬೆಳಕಿನ ಮಿಂಚು, ದೀರ್ಘ ಉಸಿರಾಟ ಕೊನೆಗೆ. ಇತ್ತೀಚೆಗೆ ಪಾರ್ಶ್ವವಾಯು ಆದವರಿಗೆ, ಹೃದಯ ಅಥವಾ ಶ್ವಾಸಕೋಶದ ಗಂಭೀರ ತೊಂದರೆ ಇರುವವರಿಗೆ ದೀರ್ಘ ಉಸಿರಾಟ ಮಾಡಿಸಲೇಬೇಡಿ. ಮಾಡಿಸಿದರೂ ಆ ಭಾಗವನ್ನು, ಅದರ ನಂತರದ ಕೆಲವು ನಿಮಿಷಗಳನ್ನು ನಿಧಾನಗತಿಯ ಲೆಕ್ಕಕ್ಕೆ ತೆಗೆದುಕೊಳ್ಳಬಾರದು.
8. ನಿದ್ದೆ ಬೇಕಿದ್ದರೆ ಎಲ್ಲ ಮುಗಿದ ಮೇಲೆ. ಅಪಸ್ಮಾರದ ಪ್ರಶ್ನೆ ಇದ್ದರಷ್ಟೇ. ಈಗ ಮಲಗಲು ಬಿಡಿ. ಅಲ್ಝೈಮರ್ ಇರುವ ಕೆಲವರಲ್ಲಿ ಅಪಸ್ಮಾರದ ಮೊನಚು ಅಲೆಗಳು ನಿದ್ದೆಯಲ್ಲೇ ಹೆಚ್ಚು ಕಾಣುತ್ತವೆ.

ಮಾರ್ಕ್ ಮಾಡುವುದನ್ನು ಟೆಕ್ನಿಷಿಯನ್ನರು ಹೊರೆ ಎಂದುಕೊಳ್ಳುತ್ತಾರೆ. ಆದರೆ ಓದುವವರು ಆ ಕೋಣೆಯಲ್ಲಿರುವುದಿಲ್ಲ. ‘7ನೇ ನಿಮಿಷ: ಗದ್ದ ಎದೆಗೆ ಬಿತ್ತು, ಕರೆದಾಗ ಎಚ್ಚರವಾದರು’ ಎಂಬ ಒಂದು ಸಾಲು ತಪ್ಪು ರಿಪೋರ್ಟೊಂದನ್ನು ತಡೆಯುತ್ತದೆ.

ಕೈನಡುಕ ಇರುವವರ ವಿಷಯದಲ್ಲಿ ಒಂದು ಮಾತು ಹೆಚ್ಚಿಗೆ. ಪಾರ್ಕಿನ್ಸನ್ ನಡುಕ ಸೆಕೆಂಡಿಗೆ 4ರಿಂದ 6 ಸಲ. ಅದು ಕುರ್ಚಿಯ ಮೂಲಕ ತಲೆಗೆ ದಾಟಿ ಹಿಂಭಾಗದ ಎಲೆಕ್ಟ್ರೋಡಿನಲ್ಲಿ ಮೂಡಿದರೆ ಥೀಟಾ ಲಯ ಎಂದು ಯಾರೂ ಮೋಸಹೋಗಬಹುದು. ಅದೂ ಲೂಯಿ ಬಾಡಿ ಅನುಮಾನದಲ್ಲಿ ಬಂದವರಲ್ಲೇ ಈ ನಡುಕವೂ ಇರುವ ಸಂಭವ ಹೆಚ್ಚು. ನಡುಗುವ ಕೈಯ ಮೇಲೊಂದು ಎಲೆಕ್ಟ್ರೋಡ್ ಅಂಟಿಸಿ. ಕೈ ಹಿಡಿದು ನಡುಕ ನಿಲ್ಲಿಸಿ ನೋಡಿ. ಪರದೆಯ ‘ಥೀಟಾ’ವೂ ಆಗಲೇ ನಿಂತರೆ ಅದು ಮಿದುಳಿನದಲ್ಲ.

## ಹಂತ 6: ಓದುವ ಮೊದಲು ತೂಕಡಿಕೆಯನ್ನು ಬೇರ್ಪಡಿಸಿ

ಇಡೀ ಕೆಲಸದ ಜೀವಾಳ ಇದು. ಅಲೆಗಳನ್ನು ಎಣಿಸುವ ಮೊದಲು ರೆಕಾರ್ಡಿಂಗ್ ಪೂರ್ತಿ ಒಮ್ಮೆ ಓಡಿಸಿ, ಎಚ್ಚರದ ಭಾಗಗಳು ಯಾವುವು ಎಂದು ಮಾತ್ರ ಗುರುತು ಹಾಕಿ.

ತೂಕಡಿಕೆ ಒಮ್ಮೆಲೇ ಬರುವುದಿಲ್ಲ. ಮೊದಲು ಕಣ್ಣು ಮಿಟುಕುವುದು ನಿಲ್ಲುತ್ತದೆ. ಆಮೇಲೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತೇಲುತ್ತದೆ. ತಲೆಯ ಮುಂಭಾಗದ ಎಡಬಲ ಬದಿಗಳಲ್ಲಿರುವ ಎಫ್7, ಎಫ್8 ಎಲೆಕ್ಟ್ರೋಡುಗಳಲ್ಲಿ ಒಂದು ಏರುವಾಗ ಇನ್ನೊಂದು ಇಳಿಯುವ ಅಗಲವಾದ, ನಿಧಾನದ ಅಲೆಯಾಗಿ ಇದು ಕಾಣುತ್ತದೆ. ಹಣೆಯ ಸ್ನಾಯುವಿನ ಸದ್ದು (ರೆಕಾರ್ಡಿಂಗಿಗೆ ಬೆರೆಯುವ ಸ್ನಾಯುವಿನ ವಿದ್ಯುತ್) ತಗ್ಗುತ್ತದೆ. ಹಿಂಭಾಗದ ಆಲ್ಫಾ ತುಂಡುತುಂಡಾಗಿ, ಬಿಟ್ಟು ಬಿಟ್ಟು ಬಂದು, ಕೊನೆಗೆ ಕಾಣೆಯಾಗುತ್ತದೆ. ಆ ಜಾಗಕ್ಕೆ ಥೀಟಾ ಬರುತ್ತದೆ. ಇನ್ನೂ ಮುಂದೆ ಹೋದರೆ ನಡುನೆತ್ತಿಯಲ್ಲಿ ಚೂಪಾದ ಅಲೆ, ಅದರ ಹಿಂದೆಯೇ ನಿದ್ದೆಯ ಸ್ಪಿಂಡಲ್ (ನಿದ್ದೆಯಲ್ಲಿ ಬರುವ ವೇಗದ ಅಲೆಗಳ ಪುಟ್ಟ ಗೊಂಚಲು).

ಈ ಸಾಲಿನಲ್ಲಿ ಥೀಟಾ ಒಂದನ್ನೇ ಕತ್ತರಿಸಿ ಎತ್ತಿ ತೋರಿಸಿದರೆ, ಅನುಭವಿಗಳಿಗೂ ಅದು ಕಾಯಿಲೆಯದೋ ತೂಕಡಿಕೆಯದೋ ಹೇಳುವುದು ಕಷ್ಟ. ಅದರ ಹಿಂದಿನ ಹತ್ತು ಸೆಕೆಂಡ್ ನೋಡಿದರೆ ತಿಳಿಯುತ್ತದೆ.

ಸಂಶಯ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಕರೆದ ಕೂಡಲೇ ಲಯ ಸರಿಹೋಯಿತೇ? ಲೆಕ್ಕ ಮಾಡುತ್ತಿದ್ದಾಗ, ಉತ್ತರ ಕೊಟ್ಟು ಮುಗಿಸಿದ ತಕ್ಷಣ, ಲಯ ಎಷ್ಟಿತ್ತು? ಪೂರ್ತಿ ಎಚ್ಚರದಲ್ಲೂ ನಿಧಾನವಾಗಿಯೇ ಉಳಿದರೆ ಮಾತ್ರ ಅದನ್ನು ನಿಧಾನಗತಿ ಎನ್ನಿ.

ವಯಸ್ಸಾದವರಲ್ಲಿ ಇನ್ನೂ ಕೆಲವು ಬಲೆಗಳಿವೆ. ತೂಕಡಿಕೆಯ ಆರಂಭದಲ್ಲಿ ಮುಂಭಾಗದಲ್ಲಿ ಡೆಲ್ಟಾ ಅಲೆಗಳ ಗುಂಪೊಂದು ಬಂದು ಹೋಗಬಹುದು, ಅದು ವಯೋಸಹಜ. ಕಿವಿಯ ಮೇಲಿನ (ಟೆಂಪೊರಲ್) ಬದಿಯಲ್ಲಿ, ಹೆಚ್ಚಾಗಿ ಎಡಗಡೆ, ಅಲ್ಲೊಂದು ಇಲ್ಲೊಂದು ಥೀಟಾ ಅಲೆಯೂ ಆರೋಗ್ಯವಂತರಲ್ಲಿ ಕಾಣುತ್ತದೆ. ಇನ್ನು ಕೆಲವರಲ್ಲಿ ಎರಡು ಆಲ್ಫಾ ಅಲೆ ಬೆಸೆದುಕೊಂಡು, ಅಲೆಯ ತುದಿಯಲ್ಲಿ ಕಚ್ಚು ಇರುವ 4–5 ಹರ್ಟ್ಝ್ ಅಲೆಯಾಗಿ ತೋರುತ್ತದೆ. ಕಣ್ಣು ಬಿಟ್ಟಾಗ ಇದು ಆಲ್ಫಾದಂತೆಯೇ ಮಾಯವಾಗುತ್ತದೆ, ಇದೂ ಕಾಯಿಲೆಯಲ್ಲ.

## ಹಂತ 7: ಹಿಂಭಾಗದ ಮುಖ್ಯ ಲಯವನ್ನು ಅಳೆಯಿರಿ

ಕಣ್ಣು ಮುಚ್ಚಿದ, ಎಚ್ಚರದ ತುಂಡುಗಳನ್ನು ಮಾತ್ರ ತೆಗೆದುಕೊಳ್ಳಿ. ಓ1, ಓ2 ಇರುವ ಚಾನೆಲ್‌ಗಳಲ್ಲಿ ಒಂದು ಸೆಕೆಂಡಿನಲ್ಲಿ ಎಷ್ಟು ಅಲೆಗಳಿವೆ ಎಂದು ಎಣಿಸಿ. ಒಂದೇ ಕಡೆ ಅಲ್ಲ, ರೆಕಾರ್ಡಿಂಗಿನ ಬೇರೆ ಬೇರೆ ಭಾಗದ ಹತ್ತು ಕಡೆ.

ಕಣ್ಣು ಮುಚ್ಚಿದ ಮೊದಲ ಸೆಕೆಂಡನ್ನು ಬಿಟ್ಟುಬಿಡಿ. ಆ ಕ್ಷಣದಲ್ಲಿ ಆಲ್ಫಾ ಸ್ವಲ್ಪ ವೇಗವಾಗಿ ಓಡಿ, ಆಮೇಲೆ ತನ್ನ ಗತಿಗೆ ಇಳಿಯುತ್ತದೆ. ಅಲ್ಲಿ ಎಣಿಸಿದರೆ ನಿಜವಾದ ನಿಧಾನಗತಿ ತಪ್ಪಿಹೋಗುತ್ತದೆ.

ಎಚ್ಚರವಿರುವ ವಯಸ್ಕರಲ್ಲಿ, ಎಂಬತ್ತು ದಾಟಿದವರಲ್ಲೂ, ಈ ಲಯ 8 ಹರ್ಟ್ಝ್ ಅಥವಾ ಹೆಚ್ಚು ಇರಬೇಕು. 8ರಿಂದ 8.5 ಗಡಿರೇಖೆ. 8ಕ್ಕಿಂತ ಕಡಿಮೆ ಇದ್ದರೆ ಅಸಹಜ. ‘ವಯಸ್ಸಾಗಿದೆಯಲ್ಲ, 7 ಇದ್ದರೇನು’ ಎಂಬ ರಿಯಾಯಿತಿ ಇಲ್ಲಿ ನಡೆಯುವುದಿಲ್ಲ.

ಲಯದ ಜೊತೆ ಸ್ಪಂದನೆಯನ್ನೂ ನೋಡಿ. ಕಣ್ಣು ಬಿಟ್ಟಾಗ ಆಲ್ಫಾ ತಗ್ಗಬೇಕು. ಅಲ್ಝೈಮರಿನಲ್ಲಿ ಈ ತಗ್ಗುವಿಕೆ ಮಂಕಾಗುತ್ತಾ ಬರುತ್ತದೆ.

## ಹಂತ 8: ಕಂಪ್ಯೂಟರ್ ಲೆಕ್ಕ

ಇದು ಏಳನೇ ಹಂತದ ಬದಲಿಗೆ ಅಲ್ಲ, ಅದರ ನಂತರ. ಕಸ ಹಾಕಿದರೆ ಯಂತ್ರ ಕಸವನ್ನೇ ಅಂದವಾದ ಬಣ್ಣದ ನಕ್ಷೆ ಮಾಡಿ ಕೊಡುತ್ತದೆ.

1. ಕಣ್ಣು ಮುಚ್ಚಿದ, ಎಚ್ಚರದ, ಶುಭ್ರವಾದ ತುಂಡುಗಳನ್ನು ಕೈಯಾರೆ ಆರಿಸಿ. ತಲಾ 4 ಸೆಕೆಂಡಿನವು, ಕನಿಷ್ಠ 15. ಒಟ್ಟು ಒಂದು ನಿಮಿಷ. ಎರಡು ನಿಮಿಷ ಸಿಕ್ಕರೆ ಇನ್ನೂ ಒಳ್ಳೆಯದು. 4 ಸೆಕೆಂಡ್ ಯಾಕೆಂದರೆ ಆಗ ಲೆಕ್ಕದ ಸೂಕ್ಷ್ಮತೆ 0.25 ಹರ್ಟ್ಝ್. 2 ಸೆಕೆಂಡ್ ತೆಗೆದುಕೊಂಡರೆ 0.5 ಮಾತ್ರ, 7.75ಕ್ಕೂ 8ಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ.
2. ಕಣ್ಣು ಮಿಟುಕು ಬಿದ್ದ ತುಂಡುಗಳನ್ನು ತೆಗೆಯಿರಿ. ಮುಂಭಾಗದ ‘ಡೆಲ್ಟಾ’ ಎಂದು ಹೇಳಲಾಗುವುದರಲ್ಲಿ ಬಹಳಷ್ಟು ಕಣ್ಣಿನದೇ. ಹಲ್ಲು ಕಚ್ಚಿದಾಗ ಏಳುವ ಸ್ನಾಯುವಿನ ಸದ್ದು ಬೀಟಾವನ್ನು ಉಬ್ಬಿಸುತ್ತದೆ, ಅದನ್ನೂ ತೆಗೆಯಿರಿ.
3. ರೆಫರೆನ್ಸ್ ಯಾವುದೆಂದು ಮೊದಲೇ ತೀರ್ಮಾನಿಸಿ, ಎಲ್ಲರಿಗೂ ಅದನ್ನೇ ಬಳಸಿ.
4. ಸ್ಪೆಕ್ಟ್ರಮ್ (ಯಾವ ವೇಗದ ಅಲೆ ಎಷ್ಟಿದೆ ಎಂಬ ಲೆಕ್ಕ) ತೆಗೆದು ಡೆಲ್ಟಾ (1–4), ಥೀಟಾ (4–8), ಆಲ್ಫಾ (8–13), ಬೀಟಾ (13–30) ಪಾಲನ್ನು ಒಟ್ಟು ಶಕ್ತಿಯ ಶೇಕಡಾವಾರು ಬರೆಯಿರಿ. ತಲೆಬುರುಡೆಯ ದಪ್ಪ ಒಬ್ಬೊಬ್ಬರಿಗೆ ಒಂದೊಂದು ಥರ, ಹಾಗಾಗಿ ನೇರ ಮೈಕ್ರೋವೋಲ್ಟ್ ಹೋಲಿಕೆಗಿಂತ ಪಾಲು ಹೆಚ್ಚು ನಂಬಲರ್ಹ.
5. ಹಿಂಭಾಗದ ಚಾನೆಲ್‌ಗಳಲ್ಲಿ ಶಿಖರ (ಅತಿ ಹೆಚ್ಚು ಶಕ್ತಿ ಇರುವ ವೇಗ) ಎಲ್ಲಿದೆ ಎಂದು ನೋಡಿ.

ಈ ಐದನೆಯದನ್ನು ಬಿಟ್ಟವರು ಹಾದಿ ತಪ್ಪುತ್ತಾರೆ. ಒಬ್ಬರ ಆಲ್ಫಾ ಶಿಖರ 9ರಿಂದ 7.5ಕ್ಕೆ ಜಾರಿತು ಎನ್ನಿ. ಪಟ್ಟಿಯಲ್ಲಿ ‘ಥೀಟಾ ಹೆಚ್ಚು, ಆಲ್ಫಾ ಕಡಿಮೆ’ ಎಂದು ಬರುತ್ತದೆ. ಇನ್ನೊಬ್ಬರಲ್ಲಿ 9ರ ಶಿಖರ ಹಾಗೇ ಇದ್ದು, ಅದರ ಪಕ್ಕದಲ್ಲಿ ಹೊಸದಾಗಿ ಥೀಟಾ ಎದ್ದಿದೆ. ಪಟ್ಟಿಯ ಅಂಕಿ ಇಬ್ಬರದೂ ಒಂದೇ, ಮಿದುಳಿನ ಕಥೆ ಬೇರೆ ಬೇರೆ. ಶಿಖರ ನೋಡದೆ ಅನುಪಾತ ಮಾತ್ರ ವರದಿ ಮಾಡುವುದು ಅರ್ಧ ಕೆಲಸ.

ಸಂಶೋಧಕರಿಗೆ ಒಂದು ಎಚ್ಚರಿಕೆ. ಮಷಿನ್ ಲರ್ನಿಂಗ್ ಬಳಸಿ ‘95 ಶೇಕಡಾ ನಿಖರತೆ’ ಬಂದಾಗ ಹಿಗ್ಗುವ ಮೊದಲು ಒಂದನ್ನು ಪರೀಕ್ಷಿಸಿ: ಒಬ್ಬನೇ ವ್ಯಕ್ತಿಯ ಕೆಲವು ತುಂಡುಗಳು ಕಲಿಕೆಯ ಗುಂಪಿಗೂ ಇನ್ನು ಕೆಲವು ಪರೀಕ್ಷೆಯ ಗುಂಪಿಗೂ ಹೋಗಿವೆಯೇ? ಹೋಗಿದ್ದರೆ ಯಂತ್ರ ಕಲಿತದ್ದು ಕಾಯಿಲೆಯನ್ನಲ್ಲ, ಆ ವ್ಯಕ್ತಿಯನ್ನು. ವಿಂಗಡಣೆ ಯಾವಾಗಲೂ ವ್ಯಕ್ತಿವಾರು ಇರಲಿ. ರೋಗಿಗಳದೆಲ್ಲ ಒಂದು ಮಷಿನ್, ಆರೋಗ್ಯವಂತರದೆಲ್ಲ ಇನ್ನೊಂದು ಮಷಿನ್ ಆಗಿದ್ದರೂ ಇದೇ ಗತಿ. ರೋಗಿಗಳು ತೂಕಡಿಸಿದ್ದು, ಆರೋಗ್ಯವಂತರು ಎಚ್ಚರವಿದ್ದದ್ದು ಆಗಿದ್ದರೆ? ಆಗ ನೀವು ತಯಾರಿಸಿರುವುದು ತೂಕಡಿಕೆ ಪತ್ತೆ ಯಂತ್ರ.

## ಹಂತ 9: ಕಂಡದ್ದನ್ನು ಕಾಯಿಲೆಗೆ ಹೊಂದಿಸಿ ನೋಡಿ

ಅಲ್ಝೈಮರ್: ಬದಲಾವಣೆಗೆ ಒಂದು ಕ್ರಮವಿದೆ. ಮೊದಲು ಥೀಟಾ ಏರಿ ಬೀಟಾ ತಗ್ಗುತ್ತದೆ, ಆಮೇಲೆ ಆಲ್ಫಾ ಕುಗ್ಗುತ್ತದೆ, ಡೆಲ್ಟಾ ಏರುವುದು ಕಾಯಿಲೆ ಮುಂದುವರಿದ ಮೇಲೆ. ಮರೆವು ಈಗಷ್ಟೇ ಶುರುವಾಗಿದ್ದು ಇಇಜಿಯಲ್ಲಿ ಡೆಲ್ಟಾ ರಾಶಿ ಇದ್ದರೆ, ಅಲ್ಝೈಮರ್ ಎನ್ನುವ ಮೊದಲು ಬೇರೆ ಕಾರಣ ಹುಡುಕಿ.

ಲೂಯಿ ಬಾಡಿ: ಇಇಜಿ ಹೆಚ್ಚು ಬೆಲೆಬಾಳುವುದು ಇಲ್ಲಿ. ಹಿಂಭಾಗದ ಲಯ ಆರಂಭದಲ್ಲೇ 5.6–7.9 ಹರ್ಟ್ಝ್‌ನ ಪಟ್ಟಿಗೆ ಇಳಿದು, ಸೆಕೆಂಡು ಸೆಕೆಂಡಿಗೆ ಏರಿಳಿಯುತ್ತದೆ. 2017ರ ಅಂತರರಾಷ್ಟ್ರೀಯ ರೋಗನಿರ್ಣಯ ಮಾನದಂಡದಲ್ಲಿ ಇದನ್ನು ಪೂರಕ ಗುರುತುಗಳ ಸಾಲಿಗೆ ಸೇರಿಸಲಾಗಿದೆ. ಸರಾಸರಿ ತೆಗೆದರೆ ಏರಿಳಿತ ಅಳಿಸಿಹೋಗುತ್ತದೆ; ತುಂಡುತುಂಡಿನ ಶಿಖರವನ್ನು ಸಾಲಾಗಿ ಬರೆದು ನೋಡಿ. ಇವರಲ್ಲಿ ಹಗಲು ನಿದ್ದೆಯೂ ಹೆಚ್ಚು, ಹಾಗಾಗಿ ಆರನೇ ಹಂತದ ಕಟ್ಟುನಿಟ್ಟು ಇಲ್ಲಿ ಇಮ್ಮಡಿ ಬೇಕು.

ಫ್ರಂಟೊಟೆಂಪೊರಲ್ (ಮಿದುಳಿನ ಮುಂಭಾಗ, ಬದಿಗಳನ್ನು ಹಿಡಿದು ನಡವಳಿಕೆ ಅಥವಾ ಮಾತು ಬದಲಿಸುವ ಡಿಮೆನ್ಶಿಯಾ): ಆರಂಭದಲ್ಲಿ ಇಇಜಿ ಬಹುತೇಕ ಸರಿಯಾಗಿಯೇ ಇರುತ್ತದೆ. ನಡವಳಿಕೆ ಪೂರ್ತಿ ಬದಲಾಗಿ ಹಿಂಭಾಗದ ಲಯ ಗಟ್ಟಿಯಾಗಿದ್ದರೆ, ಆ ‘ನಾರ್ಮಲ್’ ಕೂಡ ವೈದ್ಯರಿಗೆ ಒಂದು ಸುಳಿವು.

ಖಿನ್ನತೆ: ಮರೆವಿನಂತೆ ಕಾಣುವ ಖಿನ್ನತೆಯಲ್ಲೂ ಇಇಜಿ ಸಾಮಾನ್ಯವಾಗಿ ಸರಿ ಇರುತ್ತದೆ.

## ತಡಮಾಡದೆ ವೈದ್ಯರನ್ನು ಕರೆಯಬೇಕಾದ ಗುರುತುಗಳು

- ಸೆಕೆಂಡಿಗೆ ಸುಮಾರು ಒಂದರಂತೆ, ತಾಳ ತಪ್ಪದೆ ಮರುಕಳಿಸುವ ಚೂಪು ಅಲೆಗಳು. ಜೊತೆಗೆ ವಾರಗಳಲ್ಲಿ ಕುಸಿತ. ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ನೆನಪಿಗೆ ಬರಬೇಕು. ಆರಂಭದಲ್ಲಿ ಈ ಅಲೆಗಳು ಇಲ್ಲದೆಯೂ ಇರಬಹುದು.
- ಮೂರು ಮಜಲಿನ ಟ್ರೈಫೇಸಿಕ್ ಅಲೆಗಳು: ಲಿವರ್, ಕಿಡ್ನಿ, ಔಷಧ ವಿಷವೇರಿಕೆಯ ಸೂಚನೆ.
- ನಿಲ್ಲದೆ ಓಡುತ್ತಿರುವ ಅಪಸ್ಮಾರದ ಲಯ, ವ್ಯಕ್ತಿ ಮಂಕಾಗಿ ಕೂತಿರುವುದು. ಇದು ತುರ್ತು ಸ್ಥಿತಿ. ರೆಕಾರ್ಡಿಂಗ್ ನಿಲ್ಲಿಸದೆ ವೈದ್ಯರನ್ನು ಅಲ್ಲಿಗೇ ಕರೆಸಿ.
- ಒಂದೇ ಬದಿಯಲ್ಲಿ ಬಿಡದೆ ಬರುವ ಡೆಲ್ಟಾ, ಅಥವಾ ಒಂದು ಬದಿಯ ಅಲೆಗಳೆಲ್ಲ ಕುಗ್ಗಿರುವುದು. ಗೆಡ್ಡೆಯೋ, ಬಿದ್ದ ಪೆಟ್ಟಿಗೆ ತಲೆಬುರುಡೆಯೊಳಗೆ ನಿಂತ ರಕ್ತವೋ ಇರಬಹುದು, ಸ್ಕ್ಯಾನ್ ಬೇಕು.

## ಹಂತ 10: ರಿಪೋರ್ಟ್

ರಿಪೋರ್ಟಿನಲ್ಲಿ ರೋಗದ ಹೆಸರಿಗಿಂತ ಮೊದಲು ಎಚ್ಚರದ ಮಟ್ಟ ಬರಬೇಕು. ನಾನು ಬರೆಯುವ ಮಾದರಿ ಇದು:

‘ಬೆಳಿಗ್ಗೆ 10 ಗಂಟೆ, ಕುರ್ಚಿಯಲ್ಲಿ ಕೂತು, 26 ನಿಮಿಷದ ರೆಕಾರ್ಡಿಂಗ್. ಅದರಲ್ಲಿ 17 ನಿಮಿಷ ಪೂರ್ತಿ ಎಚ್ಚರ, ಕರೆದಾಗಲೆಲ್ಲ ಕೂಡಲೇ ಉತ್ತರ. ಎಚ್ಚರದಲ್ಲಿ ಹಿಂಭಾಗದ ಲಯ 7–7.5 ಹರ್ಟ್ಝ್, ಎರಡೂ ಬದಿ ಸಮ, ಕಣ್ಣು ಬಿಟ್ಟಾಗ ಅಷ್ಟಿಷ್ಟು ತಗ್ಗುತ್ತದೆ. ಲೆಕ್ಕ ಮಾಡುವಾಗಲೂ ವೇಗ ಏರಲಿಲ್ಲ. ಅಪಸ್ಮಾರದ ಅಲೆಗಳಿಲ್ಲ. ಸೌಮ್ಯ ನಿಧಾನಗತಿ. ಔಷಧ, ಥೈರಾಯ್ಡ್, ಬಿ12, ಸೋಡಿಯಂ ಕಾರಣಗಳನ್ನು ತಳ್ಳಿಹಾಕಿದ ಮೇಲೆ, ನೆನಪಿನ ಪರೀಕ್ಷೆ ಮತ್ತು ಎಂಆರ್‌ಐ ಜೊತೆಗಿಟ್ಟು ನೋಡತಕ್ಕದ್ದು.’

‘ಡಿಮೆನ್ಶಿಯಾ ಇದೆ’ ಎಂಬ ಮಾತು ಇದರಲ್ಲಿ ಎಲ್ಲೂ ಇಲ್ಲ. ಇರಬಾರದು ಕೂಡ, ಅದನ್ನು ಹೇಳಬೇಕಾದವರು ರೋಗಿಯನ್ನು, ಮನೆಯವರನ್ನು ಕೂರಿಸಿಕೊಂಡು ಮಾತಾಡಿಸಿದ ವೈದ್ಯರು. ಎಚ್ಚರದ ಭಾಗ ಸಾಕಷ್ಟು ಸಿಗದಿದ್ದರೆ ‘ತೂಕಡಿಕೆ ಹೆಚ್ಚಿದ್ದರಿಂದ ತೀರ್ಮಾನ ಸಾಧ್ಯವಿಲ್ಲ, ಮರು ರೆಕಾರ್ಡಿಂಗ್ ಬೇಕು’ ಎಂದು ಬರೆಯಲು ಸಂಕೋಚ ಬೇಡ.

## ಹಂತ 11: ಮತ್ತೆ ಯಾವಾಗ

ಗಡಿರೇಖೆಯ ಫಲಿತಾಂಶ ಬಂದವರಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ಇನ್ನೊಂದು ರೆಕಾರ್ಡಿಂಗ್ ಮಾಡುವುದು ನನ್ನ ರೂಢಿ. ಹೊತ್ತು, ಕುರ್ಚಿ, ಮಷಿನ್, ಫಿಲ್ಟರ್, ಸೂಚನೆಯ ಮಾತು ಎಲ್ಲವೂ ಮೊದಲಿನದೇ ಇರಲಿ. ಬದಲಾದ ಮಾತ್ರೆ ಇದ್ದರೆ ಮೇಲುಗಡೆಯೇ ಬರೆಯಿರಿ.

ಹೋಲಿಕೆ ಅವರದು ಅವರೊಂದಿಗೇ. ಮೊದಲು 10 ಹರ್ಟ್ಝ್ ಇದ್ದವರು ಈಗ 8.5ಕ್ಕೆ ಬಂದಿದ್ದರೆ, ಅಂಕಿ ಇನ್ನೂ 8ರ ಗೆರೆಯ ಮೇಲಿದೆ ಎಂದು ಬಿಡುವಂತಿಲ್ಲ. ಎಚ್ಚರದ ಮಟ್ಟ ಎರಡು ಸಲವೂ ಒಂದೇ ಆಗಿದ್ದರೆ ಅದು ನಿಜವಾದ ಇಳಿಕೆ. ಅದನ್ನು ತಿಳಿಯಲು ಇರುವ ದಾರಿ ಒಂದೇ, ಮೊದಲ ಸಲ ಟೆಕ್ನಿಷಿಯನ್ ಬರೆದ ಮಾರ್ಕ್ ಹಾಳೆ. ಅದರ ನಕಲನ್ನು ರಿಪೋರ್ಟಿನ ಹಿಂದೆಯೇ ಪಿನ್ ಮಾಡಿಡಿ.